ವಾಸಿಯಾಗದ ಹುಣ್ಣು ಮತ್ತು ಬೆಳಕಿನ ಚಿಕಿತ್ಸೆ



ಭಾಗ್ಯನಗರದ ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಬ್ಬ ಅಕ್ಕ ಕೇಳಿದರು: "ಸಿಸ್ಟರ್, ಬೆಳಕು ಬಿಟ್ಟು ಕ್ಯಾನ್ಸರ್ ಸುಡ್ತಾರಂತ, ಖರೇ ಏನ್ರಿ?" ಖರೆ. ಆದರೆ ಎಲ್ಲಾ ಕ್ಯಾನ್ಸರಿಗೆ ಅಲ್ಲ. ಈ ತಿಂಗಳ ಪಾಠ ಇದೇ.

ಬೆಳಕಿನ ಚಿಕಿತ್ಸೆ ಅಂದರೇನು?

ತೊನ್ನಿಗೆ ಬಾವಂಚಿ ಬೀಜ ಹಚ್ಚಿ ಬಿಸಿಲಿಗೆ ಒಡ್ಡುವುದು ನಮ್ಮ ದೇಶದ ಹಳೆಯ ಪದ್ಧತಿ. ಔಷಧ, ಬೆಳಕು ಎರಡೂ ಕೂಡಿದರೇ ಅಲ್ಲಿ ಕೆಲಸ. ಇದೂ ಹಾಗೆಯೇ, ಆದರೆ ಔಷಧ ಬೇರೆ. ವೈದ್ಯರು ಹುಣ್ಣಿನ ಮೇಲೆ ಒಂದು ಮುಲಾಮು ಹಚ್ಚಿ ಸುಮಾರು 3 ತಾಸು ಮುಚ್ಚಿಡುತ್ತಾರೆ. ಕೆಟ್ಟ ಜೀವಕೋಶಗಳು ಅದನ್ನು ಹೆಚ್ಚು ಹೀರಿಕೊಳ್ಳುತ್ತವೆ. ನಂತರ ಕೆಂಪು ಬೆಳಕು ಬಿಟ್ಟಾಗ ಆ ಕೋಶಗಳು ಸಾಯುತ್ತವೆ. ಉರಿ ಆಗುತ್ತದೆ, ಆದರೆ ಕೊಯ್ಯುವುದಿಲ್ಲ, ಕಲೆಯೂ ಕಡಿಮೆ. ಆಮೇಲೆ ಎರಡು ದಿನ ಆ ಜಾಗಕ್ಕೆ ಬಿಸಿಲು ತಾಗಬಾರದು. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ.

ಈ ಬೆಳಕು ಚರ್ಮದೊಳಗೆ ಕೆಲವೇ ಮಿಲಿಮೀಟರ್ ಇಳಿಯುತ್ತದೆ. ಆದ್ದರಿಂದ ಮೇಲ್ಪದರದ ಕ್ಯಾನ್ಸರಿಗೆ ಮಾತ್ರ ಇದು ಸಾಕು. ಆಳಕ್ಕೆ ಇಳಿದ ಮೇಲೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಯಾರಿಗೆ ಯಾವುದು ಎಂದು ವೈದ್ಯರೇ ಹೇಳಬೇಕು. ಆದರೆ ಎರಡರಲ್ಲೂ ಬೇಗ ಹೋದವರಿಗೇ ಲಾಭ.

ನಮಗೂ ಬರುತ್ತದೆಯೇ?

ನಮ್ಮ ಮೈಬಣ್ಣದವರಿಗೆ ಚರ್ಮದ ಕ್ಯಾನ್ಸರ್ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಹತ್ತಿರ ಹಳೆಯ ಚಿನ್ನದ ಗಣಿ ಇದೆ. ಅಲ್ಲಿಯ ಅಂತರ್ಜಲದಲ್ಲಿ ಆರ್ಸೆನಿಕ್ ಎಂಬ ವಿಷ ಸಿಕ್ಕಿತು. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 181 ಜನರನ್ನು ಪರೀಕ್ಷಿಸಿದಾಗ ನೂರಕ್ಕೆ 58 ಮಂದಿಗೂ ಹೆಚ್ಚು ಜನರ ಚರ್ಮದಲ್ಲಿ ಅದರ ಗುರುತು ಕಂಡಿತು. ಇಂಥ ನೀರನ್ನು ವರ್ಷಗಟ್ಟಲೆ ಕುಡಿದರೆ ಅಂಗೈ, ಅಂಗಾಲಿನಲ್ಲಿ ಗಟ್ಟಿ ಗಂಟುಗಳು, ಮೈಮೇಲೆ ಕಪ್ಪು ಚುಕ್ಕೆಗಳು ಏಳುತ್ತವೆ. ಮುಂದೆ ಕೆಲವರಿಗೆ ಚರ್ಮದ ಕ್ಯಾನ್ಸರ್ ಆಗುತ್ತದೆ.

ಇನ್ನೊಂದು ನಮ್ಮ ಸೊಂಟದಲ್ಲೇ ಇದೆ. ಲಂಗದ ಲಾಡಿಯನ್ನು ವರ್ಷಾನುಗಟ್ಟಲೆ ಒಂದೇ ಜಾಗದಲ್ಲಿ ಬಿಗಿದು ಕಟ್ಟಿದರೆ ಚರ್ಮ ತಿಕ್ಕಿ ಹುಣ್ಣಾಗುತ್ತದೆ. ಅಪರೂಪಕ್ಕೆ ಅದು ಕ್ಯಾನ್ಸರ್ ಆಗುತ್ತದೆ. ಮಹಾರಾಷ್ಟ್ರ ಮತ್ತು ಬಿಹಾರದ ವೈದ್ಯರು 2024ರಲ್ಲಿ ಇಂಥ ಇಬ್ಬರು ಹಿರಿಯ ಮಹಿಳೆಯರ ಬಗ್ಗೆ ಬರೆದರು. ಹಳೆಯ ಸುಟ್ಟಗಾಯದ ಕಲೆಯಲ್ಲಿ ಮತ್ತೆ ಏಳುವ ಹುಣ್ಣಿಗೂ ಇದೇ ಎಚ್ಚರಿಕೆ.

ನಾವೇನು ಮಾಡಬೇಕು?

1. ತಿಂಗಳಿಗೊಮ್ಮೆ ಸ್ನಾನದ ವೇಳೆ ಸೊಂಟ, ಅಂಗೈ, ಅಂಗಾಲು, ಹಳೆ ಕಲೆಗಳನ್ನು ನೋಡಿಕೊಳ್ಳಿ. ಅತ್ತೆಯವರದನ್ನೂ ಕೇಳಿ.
2. ಲಾಡಿ ಸಡಿಲ ಕಟ್ಟಿ, ಜಾಗ ಬದಲಿಸಿ. ಅಗಲ ಪಟ್ಟಿಯ ಲಂಗ ಒಳ್ಳೆಯದು.
3. ನಾಲ್ಕು ವಾರವಾದರೂ ಮಾಯದ ಹುಣ್ಣು, ರಕ್ತ ಒಸರುವ ಗಂಟು ಇದ್ದರೆ ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ಹೋಗಿ ಚರ್ಮದ ವೈದ್ಯರಿಗೆ ತೋರಿಸಿ. ಚೂರು ಚರ್ಮ ತೆಗೆದು ಪರೀಕ್ಷಿಸಿದರೆ ರೋಗ ತಿಳಿಯುತ್ತದೆ. ಬೇಕಾದರೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ಬರೆದುಕೊಡುತ್ತಾರೆ. ರೇಷನ್ ಕಾರ್ಡು, ಆಧಾರ್ ಒಯ್ಯಿರಿ. ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಅಲ್ಲೇ ವಿಚಾರಿಸಿ.

"ಸೊಂಟ ಹ್ಯಾಂಗ ತೋರಿಸಲಿ?" ಎಂಬ ನಾಚಿಕೆಯೇ ಹುಣ್ಣನ್ನು ಆಳಕ್ಕೆ ಇಳಿಸುತ್ತದೆ. ಮಹಿಳಾ ವೈದ್ಯರನ್ನು ಕೇಳಿ. ಒಬ್ಬಳೇ ಹೋಗಲು ಅಂಜಿಕೆಯಾದರೆ ಸಂಘದ ಒಬ್ಬರು ಜೊತೆಗೆ ಹೋಗಿರಿ. ಬಸ್ ಖರ್ಚಿಗೆ ಸಂಘದ ಸಾಲ ಇರುವುದೇ ಇಂಥ ಹೊತ್ತಿಗೆ.

ಸಭೆಯಲ್ಲಿ ಚರ್ಚಿಸಿ:
* ನಮ್ಮ ಓಣಿಯಲ್ಲಿ ಹುಣ್ಣು ಮುಚ್ಚಿಟ್ಟುಕೊಂಡವರು ಯಾರಾದರೂ ಇದ್ದಾರೆಯೇ? ಅವರ ಹತ್ತಿರ ಯಾರು ಮಾತಾಡುತ್ತೀರಿ?
* ನಾವು ಕುಡಿಯುವ ಬೋರ್‌ವೆಲ್ ನೀರಿನ ಪರೀಕ್ಷೆ ಆಗಿದೆಯೇ?