ಪಾಠ 14: ಕಡಲಾಚೆಯ ಊರು



ಊರು ಬಿಟ್ಟು ದುಡಿಯಲು ಹೋಗುವುದು ನಮಗೆ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಚಳ್ಳಕೆರೆ ಸೀಮೆಯ ಹೊಲದಲ್ಲಿ ಶೇಂಗಾ ಒಣಗಿ ಹೋಗುತ್ತದೆ. ಆಗ ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುತ್ತೇವೆ. ಇದಕ್ಕೆ ಗುಳೆ ಎನ್ನುತ್ತೇವೆ. ಮೊಳಕಾಲ್ಮುರಿನ ನೇಕಾರರ ಕಷ್ಟ ಬೇರೆ. ಅಲ್ಲಿನ ರೇಷ್ಮೆ ಸೀರೆಗೆ ದೊಡ್ಡ ಹೆಸರಿದೆ. 2011ರಲ್ಲಿ ಆ ಸೀರೆಗೆ ಊರಿನ ಹೆಸರಿನ ಸರಕಾರಿ ಗುರುತೂ ಸಿಕ್ಕಿತು. ಆದರೆ ಸೀರೆ ನೇಯುವ ಕೈಗೆ ಸಿಗುವ ಕೂಲಿ ಕಡಿಮೆ. ಹೀಗಿರುವಾಗ ಯಾರಾದರೂ ಬಂದು, "ದೂರದ ದೇಶದಲ್ಲಿ ಒಳ್ಳೆ ಕೆಲಸ ಐತೆ" ಎಂದರೆ ಮನಸ್ಸು ಓಡುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ.

ಈ ಪಾಠದಲ್ಲಿ ಅಂಥ ಒಂದು ದೇಶದ ವಿಷಯ ಓದೋಣ. ಅಲ್ಲಿಗೆ ಹೋಗುವ ಮೊದಲು ಏನೇನು ನೋಡಬೇಕು, ಅದನ್ನೂ ತಿಳಿಯೋಣ.

ಆ ಊರು ಎಲ್ಲಿದೆ?

ನಮ್ಮ ಮಂಗಳೂರಿನ ಕಡಲಿಗೆ ಅರಬ್ಬೀ ಸಮುದ್ರ ಎಂದು ಹೆಸರು. ಆ ಕಡಲನ್ನು ದಾಟಿ ವಾಯುವ್ಯಕ್ಕೆ ಹೋದರೆ ಕೊಲ್ಲಿ ದೇಶಗಳು ಸಿಗುತ್ತವೆ. ಜನ ಇವನ್ನು ಗಲ್ಫ್ ಎನ್ನುತ್ತಾರೆ. ದುಬೈ, ಕುವೈತ್, ಮಸ್ಕತ್, ಇವೆಲ್ಲ ಕಡಲ ದಂಡೆಯ ಊರುಗಳು. ವರ್ಷದ ಹೆಚ್ಚು ದಿನ ಬಿಸಿಲು. ಮಳೆ ತೀರಾ ಕಡಿಮೆ.

ಕುವೈತಿನಲ್ಲಿ 1938ರಲ್ಲಿ ನೆಲದಡಿ ಎಣ್ಣೆ ಸಿಕ್ಕಿತು. ಆಮೇಲೆ ಆ ದೇಶ ಸಿರಿವಂತವಾಯಿತು. ಅದಕ್ಕೂ ಮೊದಲಿನಿಂದ ನಮ್ಮ ದೇಶಕ್ಕೂ ಅದಕ್ಕೂ ವ್ಯಾಪಾರ ಇತ್ತು. 1961ರವರೆಗೆ ಕುವೈತಿನ ಪೇಟೆಯಲ್ಲಿ ಓಡುತ್ತಿದ್ದದ್ದು ನಮ್ಮ ರೂಪಾಯಿ! ಆ ವರ್ಷ ಅವರು ತಮ್ಮದೇ ಹಣ ತಂದರು. ಅದರ ಹೆಸರು ದಿನಾರ್. ಈಗ ಒಂದು ದಿನಾರ್ ಎಂದರೆ 250 ರೂಪಾಯಿಗೂ ಹೆಚ್ಚು.

ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಬಹಳ ಜನ ಗಲ್ಫ್‌ಗೆ ಹೋಗಿದ್ದಾರೆ. ನಮ್ಮ ನೆರೆಯ ಆಂಧ್ರದ ಕಡಪ ಸೀಮೆಯಿಂದಲೂ, ಗೋದಾವರಿ ಸೀಮೆಯಿಂದಲೂ ಹೆಂಗಸರು ಕುವೈತಿಗೆ ಮನೆಗೆಲಸಕ್ಕೆ ಹೋಗುತ್ತಾರೆ. ಒಳ್ಳೆ ಮನೆ ಸಿಕ್ಕವರು ಊರಲ್ಲಿ ಮನೆ ಕಟ್ಟಿಸಿದ್ದಾರೆ, ಮಕ್ಕಳನ್ನು ಓದಿಸಿದ್ದಾರೆ. ಮೋಸ ಹೋದವರು ಸಾಲ ಹೊತ್ತು ಬಂದಿದ್ದಾರೆ.

ಒಂದು ಸಂಜೆ ನಡೆದದ್ದು

ಒಂದು ಸಂಜೆ ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ತಂಗಿ ಬೇಗ ಬಂದಳು. ಮಗ್ಗದ ಮನೆಯವಳು. ಓದಲು ಶುರು ಮಾಡಿ ಏಳು ತಿಂಗಳಾಗಿತ್ತು. ಸೆರಗಿನಲ್ಲಿ ಕಾಗದಗಳನ್ನು ಸುತ್ತಿಕೊಂಡಿದ್ದಳು.

"ಟೀಚರಮ್ಮ, ನಾನು ಕುವೈತಿಗೆ ಹೋಗ್ತೀನಿ. ಒಬ್ಬ ಏಜೆಂಟ ಬಂದಿದ್ದ. ತಿಂಗಳಿಗೆ ಮೂವತ್ತು ಸಾವಿರ ಅಂತಾನೆ. ನಾಳೆ ಸಹಿ ಹಾಕ್ಬೇಕಂತೆ" ಅಂದಳು.

ನಾವು ಬೇಡ ಅನ್ನಲಿಲ್ಲ. ಹೋಗು ಅಂತಲೂ ಅನ್ನಲಿಲ್ಲ. "ಕಾಗದ ಓದೋಣ ಬಾ" ಎಂದೆವು. ಎಲ್ಲರೂ ದೀಪದ ಹತ್ತಿರ ಕುಳಿತರು.

ಮೊದಲನೆಯದು ಬಣ್ಣದ ಕಾಗದ. ಅದರಲ್ಲಿ ನೀಲಿ ಕಡಲು, ಎತ್ತರದ ಕಟ್ಟಡ, ನಗುವ ಹೆಂಗಸು. ಕೆಳಗೆ "ಬಿಸಿಲು, ಕಡಲು, ಕೈತುಂಬ ಸಂಬಳ" ಎಂದು ದೊಡ್ಡ ಅಕ್ಷರದಲ್ಲಿತ್ತು. ಯಾವ ಮನೆ, ಏನು ಕೆಲಸ, ರಜೆ ಎಷ್ಟು, ಒಂದೂ ಇರಲಿಲ್ಲ.

ಎರಡನೆಯದು ಇಂಗ್ಲಿಷಿನಲ್ಲಿತ್ತು. ಅದನ್ನು ನಾವೇ ಓದಿ ಹೇಳಿದೆವು. ಅದು ವಿಸಿಟ್ ವೀಸಾಕ್ಕೆ ಹಾಕುವ ಅರ್ಜಿ. ವಿಸಿಟ್ ಎಂದರೆ ನೋಡಿಕೊಂಡು ಬರುವುದು. ನೆಂಟರ ಮನೆಗೆ ಹೋಗಿ ಬಂದ ಹಾಗೆ. ಅದರಲ್ಲಿ ಕೆಲಸ ಮಾಡುವಂತಿಲ್ಲ. ಮಾಡಿದರೆ ಅಲ್ಲಿನ ಕಾನೂನಿನ ಪ್ರಕಾರ ನಾವೇ ತಪ್ಪಿತಸ್ಥರು.

ಆ ಅರ್ಜಿಯಲ್ಲಿ ಒಂದು ಅಂಕಿ ಇತ್ತು. ಅದನ್ನು ತಂಗಿ ತಾನೇ ಓದಿದಳು. "ಇದೇನು, ನನ್ನ ವಯಸ್ಸು ಮೂವತ್ತೊಂದು ಅಂತ ಐತೆ? ನಂಗೆ ಇಪ್ಪತ್ತಾರು" ಅಂದಳು. ಎಲ್ಲರೂ ಸುಮ್ಮನಾದರು.

ಮೂರನೆಯ ಕಾಗದ ಕನ್ನಡದಲ್ಲಿತ್ತು. "ಇದು ನೀನೇ ಓದಮ್ಮ" ಎಂದೆವು. ಬೆರಳಿಟ್ಟು, ಅಕ್ಷರ ಕೂಡಿಸಿ, ನಿಧಾನವಾಗಿ ಓದಿದಳು. ಅದು ಸಾಲದ ಪತ್ರ. ಒಂದೂವರೆ ಲಕ್ಷ ರೂಪಾಯಿ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಹಣ ತೀರಿಸದಿದ್ದರೆ ಮನೆಯೂ ಮನೆಯೊಳಗಿನ ಮಗ್ಗವೂ ಸಾಲ ಕೊಟ್ಟವನಿಗೆ ಸೇರತಕ್ಕದ್ದು ಎಂದು ಬರೆದಿತ್ತು.

"ಮಗ್ಗ" ಎಂಬ ಪದ ಬಂದಾಗ ಅವಳ ಬೆರಳು ಅಲ್ಲೇ ನಿಂತಿತು.

"ಈ ಮಗ್ಗ ನಮ್ಮ ಮಾವನ ಅಪ್ಪನ ಕಾಲದ್ದು ಟೀಚರಮ್ಮ. ಏಜೆಂಟ ಇದನ್ನ ಬಾಯಿಬಿಟ್ಟು ಹೇಳ್ಲೇ ಇಲ್ಲ" ಅಂದಳು.

ಹಲಗೆಯ ಮೇಲೆ ಲೆಕ್ಕ

ಆಮೇಲೆ ಎಲ್ಲರೂ ಸೇರಿ ಲೆಕ್ಕ ಹಾಕಿದೆವು. ನೀವೂ ಜೊತೆಗೆ ಹಾಕಿ.

ಸಾಲ: 1,50,000 ರೂಪಾಯಿ.
ಒಂದು ತಿಂಗಳ ಬಡ್ಡಿ: 4,500 ರೂಪಾಯಿ.
ಎರಡು ವರ್ಷದ, ಅಂದರೆ 24 ತಿಂಗಳ ಬಡ್ಡಿ: 1,08,000 ರೂಪಾಯಿ.
ಕೊನೆಗೆ ಅಸಲು ಸೇರಿಸಿ ಕೊಡಬೇಕಾದದ್ದು: 2,58,000 ರೂಪಾಯಿ.

ಈಗ ಸಂಬಳ ನೋಡೋಣ. ಏಜೆಂಟ ಮೂವತ್ತು ಸಾವಿರ ಎಂದು ಬಾಯಲ್ಲಿ ಹೇಳಿದ್ದ. ಕಾಗದದಲ್ಲಿ ಬರೆದಿರಲಿಲ್ಲ. ಕುವೈತ್ ಸರಕಾರ 2016ರಲ್ಲಿ ಮನೆಗೆಲಸದವರ ಕನಿಷ್ಠ ಸಂಬಳ 60 ದಿನಾರ್ ಎಂದು ಗೊತ್ತು ಮಾಡಿತು. ಬಾಯಿಮಾತಿನ ಸಂಬಳ ನಂಬದೆ, ಇಷ್ಟೇ ಕೊಟ್ಟರು ಎಂದುಕೊಳ್ಳೋಣ. ದಿನಾರಿಗೆ 250 ರೂಪಾಯಿ ಹಿಡಿದರೆ ತಿಂಗಳಿಗೆ 15,000 ರೂಪಾಯಿ. ಎರಡು ವರ್ಷಕ್ಕೆ 3,60,000 ರೂಪಾಯಿ.

3,60,000 ರೂಪಾಯಿಯಲ್ಲಿ 2,58,000 ರೂಪಾಯಿ ಕಳೆದರೆ ಉಳಿಯುವುದು 1,02,000 ರೂಪಾಯಿ. ತಿಂಗಳಿಗೆ 4,250 ರೂಪಾಯಿ. ಅದೂ ಅಲ್ಲಿ ಒಂದು ರೂಪಾಯಿ ಖರ್ಚು ಮಾಡದಿದ್ದರೆ.

"ಇದಕ್ಕೆ ಎರಡು ವರ್ಷ ಮಕ್ಕಳ ಮುಖ ನೋಡದೆ ಇರೋದಾ?" ಎಂದು ಹಿಂದೆ ಕುಳಿತಿದ್ದ ಅಜ್ಜಿ ಕೇಳಿದರು.

ಕಾನೂನಿನ ದಾರಿಯಲ್ಲಿ ಖರ್ಚು ಎಷ್ಟು? ಕೆಲಸ ಕೊಡಿಸಿದ್ದಕ್ಕೆ ನೋಂದಾಯಿತ ಏಜೆಂಟರು ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ತೆರಿಗೆ ತೆಗೆದುಕೊಳ್ಳಬಹುದು. ತೆರಿಗೆ ಸೇರಿ 35,400 ರೂಪಾಯಿ. ಅದಕ್ಕೆ ರಸೀದಿ ಕೊಡಲೇಬೇಕು. ಅಷ್ಟನ್ನೇ ಅದೇ ಬಡ್ಡಿಗೆ ಸಾಲ ತಂದರೂ ಎರಡು ವರ್ಷದ ಕೊನೆಗೆ ಕೈಯಲ್ಲಿ ಹತ್ತಿರ ಹತ್ತಿರ 3 ಲಕ್ಷ ರೂಪಾಯಿ ಉಳಿಯುತ್ತದೆ. ಕೆಲಸ ಅದೇ, ಬಿಸಿಲು ಅದೇ. ದಾರಿ ಬೇರೆಯಾದರೆ ಉಳಿಯುವ ಹಣ ಎಷ್ಟು ಬೇರೆ, ನೋಡಿದಿರಾ?

ಕಾನೂನು ಏನು ಹೇಳುತ್ತದೆ?

ಹೊರದೇಶಕ್ಕೆ ದುಡಿಯಲು ಹೋಗುವವರ ರಕ್ಷಣೆಗೆ 1983ರಲ್ಲಿ ವಲಸೆ ಕಾಯಿದೆ ಬಂತು. ಅದರ ನಿಯಮಗಳಲ್ಲಿ ನಮಗೆ ಬೇಕಾದವು ಇವು.

1. ಹತ್ತನೆಯ ತರಗತಿ ಪಾಸಾಗದವರು ಕುವೈತ್, ಸೌದಿ ಅರೇಬಿಯ, ದುಬೈ ಮೊದಲಾದ ಕಡೆಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಪಡೆಯಬೇಕು. ಈ ಪಟ್ಟಿಯಲ್ಲಿ 18 ದೇಶಗಳಿವೆ. ಅನುಮತಿ ಕೊಡುವ ಸರಕಾರಿ ಕಚೇರಿ ಬೆಂಗಳೂರಿನಲ್ಲೂ ಇದೆ.

2. ಇಂಥ ಅನುಮತಿ ಬೇಕಾದ ಹೆಂಗಸಿಗೆ ಕನಿಷ್ಠ 30 ವರ್ಷ ತುಂಬಿರಬೇಕು. ಏಜೆಂಟ 26 ಅನ್ನು 31 ಮಾಡಿದ್ದು ಏಕೆ, ಈಗ ತಿಳಿಯಿತಲ್ಲ? ವಯಸ್ಸು ಸುಳ್ಳು ಬರೆದರೆ ಸಿಕ್ಕಿಬೀಳುವುದು ಸಹಿ ಹಾಕಿದವಳು.

3. 2016ರಲ್ಲಿ ಕೇಂದ್ರ ಸರಕಾರ ಇನ್ನೊಂದು ಆದೇಶ ಮಾಡಿತು. ಅದರಂತೆ ಇಂಥ ಹೆಂಗಸರನ್ನು ಸರಕಾರಿ ಸಂಸ್ಥೆಗಳ ಮೂಲಕವೇ ಆ ದೇಶಗಳಿಗೆ ಕಳಿಸಬೇಕು. ಊರೂರು ತಿರುಗುವ ದಲ್ಲಾಳಿಯ ಮಾತಿಗೆ ಬೆಲೆ ಕೊಡಬೇಡಿ.

4. ವಲಸೆ ಅನುಮತಿ ಪಡೆದು ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಇದೆ. ಎರಡು ವರ್ಷಕ್ಕೆ 275 ರೂಪಾಯಿ ಮತ್ತು ತೆರಿಗೆ ಕಟ್ಟಬೇಕು. ಅಪಘಾತದಲ್ಲಿ ಸಾವು ಬಂದರೆ ಮನೆಯವರಿಗೆ 10 ಲಕ್ಷ ರೂಪಾಯಿ ಸಿಗುತ್ತದೆ. ವಿಸಿಟ್ ವೀಸಾದಲ್ಲಿ ಹೋದವರಿಗೆ ಇದು ಇಲ್ಲ.

ಕುವೈತಿನಲ್ಲೂ 2015ರಲ್ಲಿ ಮನೆಗೆಲಸದವರಿಗೆಂದೇ ಕಾನೂನು ಆಯಿತು. ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ವಾರಕ್ಕೆ ಒಂದು ದಿನ ರಜೆ ಕೊಡಬೇಕು. ಕೆಲಸದವಳ ಒಪ್ಪಿಗೆ ಇಲ್ಲದೆ ಅವಳ ಪಾಸ್‌ಪೋರ್ಟನ್ನು ಮನೆಯ ಯಜಮಾನ ಇಟ್ಟುಕೊಳ್ಳುವಂತಿಲ್ಲ. 2021ರಲ್ಲಿ ಭಾರತ ಮತ್ತು ಕುವೈತ್ ಮನೆಗೆಲಸದವರ ವಿಷಯವಾಗಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಆದರೆ ಕಾನೂನು ಇದೆ ಎಂದು ಗೊತ್ತಿದ್ದವರು ಮಾತ್ರ ಅದನ್ನು ಕೇಳಬಲ್ಲರು.

ಹೋಗುವ ಮೊದಲು

- ಓದದ ಕಾಗದಕ್ಕೆ ಸಹಿ ಬೇಡ. ಹೆಬ್ಬೆಟ್ಟೂ ಬೇಡ. ಬೇರೆ ಭಾಷೆಯಲ್ಲಿದ್ದರೆ ತಿಳಿದವರ ಕೈಲಿ ಓದಿಸಿ.
- ಕರಾರು ಪತ್ರದಲ್ಲಿ ಕೆಲಸ, ಸಂಬಳ, ರಜೆ, ಯಜಮಾನನ ಹೆಸರು, ವಿಳಾಸ ಇರಬೇಕು.
- ವೀಸಾ ಕೆಲಸದ್ದೋ, ವಿಸಿಟ್‌ದೋ ಕೇಳಿ ನೋಡಿ.
- ಏಜೆಂಟರ ನೋಂದಣಿ ಸಂಖ್ಯೆ ಕೇಳಿ. ಸರಕಾರದ ಇ-ಮೈಗ್ರೇಟ್ ಎಂಬ ಕಂಪ್ಯೂಟರ್ ತಾಣದಲ್ಲಿ ಆ ಸಂಖ್ಯೆ ನಿಜವೋ ಸುಳ್ಳೋ ತಿಳಿಯುತ್ತದೆ. ಊರಿನ ಓದಿದ ಹುಡುಗ ಹುಡುಗಿಯರ ಕೈಲಿ ನೋಡಿಸಿ.
- ಮನೆ, ಹೊಲ, ಮಗ್ಗ, ತಾಳಿ ಅಡವಿಟ್ಟು ಹೋಗಬೇಡಿ.
- ಪಾಸ್‌ಪೋರ್ಟ್, ವೀಸಾ, ಕರಾರು ಪತ್ರದ ನಕಲು ಮನೆಯಲ್ಲಿ ಒಂದು ಇಡಿ, ಜೊತೆಗೆ ಒಂದು ಒಯ್ಯಿರಿ.
- ಹೊರದೇಶಕ್ಕೆ ಹೋಗುವವರಿಗಾಗಿ ಕೇಂದ್ರ ಸರಕಾರದ ಸಹಾಯವಾಣಿ ಇದೆ. ಸಂಖ್ಯೆ 1800 11 3090. ಕರೆಗೆ ಹಣ ಇಲ್ಲ. ಅನುಮಾನ ಬಂದರೆ ಮೊದಲೇ ಕೇಳಿ.

ಹೋದ ಮೇಲೆ

ಆ ದೇಶದಲ್ಲಿ ನಮ್ಮ ಸರಕಾರದ ಕಚೇರಿ ಇರುತ್ತದೆ. ಅದಕ್ಕೆ ಭಾರತದ ರಾಯಭಾರ ಕಚೇರಿ ಎನ್ನುತ್ತಾರೆ. ಅದರ ವಿಳಾಸ, ಫೋನ್ ಸಂಖ್ಯೆ ಬರೆದಿಟ್ಟುಕೊಳ್ಳಿ. 1990ರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಆಗ ಸುಮಾರು 1 ಲಕ್ಷ 70 ಸಾವಿರ ಭಾರತೀಯರನ್ನು ವಿಮಾನಗಳಲ್ಲಿ ನಮ್ಮ ದೇಶಕ್ಕೆ ಕರೆತಂದರು. 2020ರಲ್ಲಿ ಕೊರೋನಾ ಬಂದಾಗಲೂ ಗಲ್ಫಿನಿಂದ ಜನರನ್ನು ವಿಮಾನದಲ್ಲಿ ಕರೆತಂದರು. ಇಂಥ ಹೊತ್ತಿನಲ್ಲಿ ನಮ್ಮ ಹೆಸರು, ನಮ್ಮ ಕಾಗದ ಸರಿಯಾಗಿದ್ದರೆ ದಾರಿ ಸುಲಭ.

ಬಿಸಿಲಿನ ಮಾತೂ ಹೇಳಬೇಕು. ನಮ್ಮ ಚಳ್ಳಕೆರೆ ಬಿಸಿಲೇ ಕಷ್ಟ. 2016ರ ಜುಲೈ ತಿಂಗಳಲ್ಲಿ ಕುವೈತಿನ ಮಿತ್ರಿಬಾ ಎಂಬಲ್ಲಿ 53.9 ಡಿಗ್ರಿ ಬಿಸಿಲು ಬಿತ್ತು. ಬಣ್ಣದ ಕಾಗದದ ಬಿಸಿಲು ಕಣ್ಣಿಗೆ ಚೆಂದ. ಅಲ್ಲಿ ಹಗಲು ಹೊತ್ತು ಬಟ್ಟೆ ಒಣಹಾಕಲು ಮಹಡಿ ಹತ್ತುವವರಿಗೆ ಅದರ ಕಾವು ಗೊತ್ತು.

ಆ ತಂಗಿ ಏನು ಮಾಡಿದಳು?

ಮಾರನೆಯ ದಿನ ಏಜೆಂಟ ಬಂದ. ತಂಗಿ ಕಾಗದಗಳನ್ನು ವಾಪಸು ಕೊಟ್ಟು, "ನಿಮ್ಮ ನೋಂದಣಿ ನಂಬರ್ ಬರೆದುಕೊಡಿ, ನೋಡಿ ಹೇಳ್ತೀನಿ" ಅಂದಳು. ತಂದುಕೊಡ್ತೀನಿ ಎಂದು ಹೋದವನು ತಿರುಗಿ ಬರಲಿಲ್ಲ.

ಅವಳ ಮನೆಯ ಕಷ್ಟ ಅಲ್ಲಿಗೆ ತೀರಲಿಲ್ಲ. ಈಗಲೂ ಗಂಡ ಹೆಂಡತಿ ಇಬ್ಬರೂ ಮಗ್ಗದಲ್ಲಿ ಕೂರುತ್ತಾರೆ. ಕೂಲಿ ಸಾಲದು. ಅವಳ ಆಸೆಯೂ ಹೋಗಿಲ್ಲ. ಮೊನ್ನೆ ಕೇಳಿದಾಗ ಹೀಗಂದಳು:

"ಇನ್ನು ನಾಲ್ಕು ವರ್ಷಕ್ಕೆ ಮೂವತ್ತು ತುಂಬ್ತೈತೆ. ಅಷ್ಟರಾಗೆ ಓದು ಪೂರ್ತಿ ಕಲೀತೀನಿ. ಆಗಲೂ ಮನಸ್ಸಿದ್ರೆ ಹೋಗ್ತೀನಿ. ಹೋದ್ರೂ ಕಳ್ಳದಾರಿಲಿ ಹೋಗಲ್ಲ. ನಾನೇ ಓದಿ, ನಾನೇ ಸಹಿ ಹಾಕ್ತೀನಿ."

ಅವಳು ಹೋದರೂ, ಇಲ್ಲೇ ಉಳಿದರೂ ನಾವು ಅವಳ ಜೊತೆ ಇರುತ್ತೇವೆ.

ಹೇಳಿ ನೋಡೋಣ

1. ವಿಸಿಟ್ ವೀಸಾಕ್ಕೂ ಕೆಲಸದ ವೀಸಾಕ್ಕೂ ಏನು ವ್ಯತ್ಯಾಸ?
2. ಅರ್ಜಿಯಲ್ಲಿ ತಂಗಿಯ ವಯಸ್ಸನ್ನು 31 ಎಂದು ಏಕೆ ಬರೆದಿದ್ದರು?
3. 50,000 ರೂಪಾಯಿ ಸಾಲಕ್ಕೆ ನೂರಕ್ಕೆ ಮೂರರಂತೆ ಒಂದು ತಿಂಗಳ ಬಡ್ಡಿ ಎಷ್ಟು?
4. ನಿಮ್ಮ ಊರಿನಿಂದ ಯಾರು ಯಾರು ದೂರ ದುಡಿಯಲು ಹೋಗಿದ್ದಾರೆ? ಅವರಿಗೆ ಆದ ಒಳ್ಳೆಯದು, ಕೆಟ್ಟದ್ದು ಏನು? ತರಗತಿಯಲ್ಲಿ ಮಾತಾಡಿ.

ನೀವೇ ಬರೆಯಿರಿ

ದೂರ ಹೋಗುವವರು ಮನೆಯಲ್ಲಿ ಇಟ್ಟು ಹೋಗಬೇಕಾದ ಚೀಟಿ ಇದು. ಬಿಟ್ಟ ಜಾಗ ತುಂಬಿ.

ನನ್ನ ಹೆಸರು ............
ನಾನು ಹೋಗುವ ದೇಶ, ಊರು ............
ಕೆಲಸ ಕೊಡುವವರ ಹೆಸರು, ವಿಳಾಸ ............
ನನ್ನ ಪಾಸ್‌ಪೋರ್ಟ್ ಸಂಖ್ಯೆ ............
ನನ್ನ ಸಂಬಳ ............
ನನ್ನ ಸಹಿ ............