ಧ್ರುವದ ದಾರಿ

ಶಾಂತಸಾಗರವನ್ನು ನಡುವಿನಲ್ಲಿರಿಸಿ ಬರೆದ ಭೂಪಟದಲ್ಲಿ ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಅಡಿಕೋಲಿಟ್ಟು ಗೆರೆ ಎಳೆದರೆ ಅದು ಕಡಲನ್ನು ಹಾಯ್ದು ಹೋಗುತ್ತದೆ. ಅದೇ ಅತಿ ಹತ್ತಿರದ ದಾರಿಯೆಂದು ಯಾರಿಗಾದರೂ ತೋರೀತು. ಆದರೆ ದುಂಡಗಿನ ಭೂಮಿಯನ್ನು ಚಪ್ಪಟೆಯಾದ ಕಾಗದಕ್ಕೆ ಇಳಿಸಿದಾಗ ಇಂತಹ ಮೋಸ ತಪ್ಪಿದ್ದಲ್ಲ. ಶಾಲೆಯ ಭೂಗೋಳದ ಮೇಲೆ ಅದೇ ಎರಡು ನಗರಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ನೋಡಬೇಕು. ದಾರವು ಕಡಲನ್ನು ಬಿಟ್ಟು ಉತ್ತರಧ್ರುವದ ಸಮೀಪಕ್ಕೆ ಸರಿಯುತ್ತದೆ! ಆ ಹಾದಿಯ ಉದ್ದ ಸುಮಾರು 14,000 ಕಿಲೋಮೀಟರು. ಭೂಪಟದ ಗೆರೆಯನ್ನು ಹಿಡಿದು ಹೋದರೆ ಇನ್ನೂ 2,000 ಕಿಲೋಮೀಟರಿಗೆ ಮಿಗಿಲಾದ ಸುತ್ತು.

ಹತ್ತಿರವೆಂದ ಮಾತ್ರಕ್ಕೆ ಅದು ಸುಲಭದ ದಾರಿಯಲ್ಲ. ಅಲ್ಲಿ ಆಪತ್ತಿಗೆ ಇಳಿಯಲು ನಿಲ್ದಾಣಗಳು ವಿರಳ, ದಿಕ್ಸೂಚಿಯನ್ನು ನಂಬುವಂತಿಲ್ಲ. ಅಮೆರಿಕದಲ್ಲಿ ಬಳಸುವ ಸಾಮಾನ್ಯ ವಿಮಾನ ಇಂಧನವು ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ. ಧ್ರುವದ ಆಗಸದಲ್ಲಿ ಚಳಿಗಾಲದ ಶೀತವೋ ಅದಕ್ಕಿಂತಲೂ ಕಟು.

2021ರ ಜನವರಿ 9ರ ರಾತ್ರಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಸಂಗಡಿಗರಾದ ವಿಮಾನಚಾಲಕಿಯರು ಏರ್ ಇಂಡಿಯಾದ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಮೇಲೇರಿಸಿ ಧ್ರುವದ ದಿಕ್ಕಿಗೆ ತಿರುಗಿಸಿದರು. ಚಾಲಕರ ಕೋಣೆಯಲ್ಲಿದ್ದವರೆಲ್ಲರೂ ಮಹಿಳೆಯರೇ. ಹದಿನೇಳು ಗಂಟೆ ಮೀರಿದ ಹಾರಾಟದ ಬಳಿಕ ವಿಮಾನವು ಬೆಂಗಳೂರಿನಲ್ಲಿ ಇಳಿಯಿತು. ಎರಡು ನಗರಗಳ ಗಡಿಯಾರಗಳಿಗೆ ಹದಿಮೂರೂವರೆ ಗಂಟೆಗಳ ಅಂತರವಿದ್ದುದರಿಂದ, ಇಲ್ಲಿ ಆಗಲೇ 11ನೆಯ ತಾರೀಖಿನ ನಸುಕು.