ಸರ್ಜನ್ ಕೈಯಲ್ಲಿ ಸ್ಮಾರ್ಟ್‌ಫೋನ್: ಹೆಸರು ಗಳಿಸಲು 8 ಸೂತ್ರಗಳು

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಜನ ಹೊಟ್ಟೆನೋವು ಬಂದರೂ ಈಗ ಮೊದಲು ತೆಗೆಯುವುದು ಫೋನ್. ಅಲ್ಲಿ ನೀವಿಲ್ಲದಿದ್ದರೆ, ಮೂಲವ್ಯಾಧಿಗೆ ಮೂರೇ ದಿನದಲ್ಲಿ ಗ್ಯಾರಂಟಿ ಎನ್ನುವವನು ಇರುತ್ತಾನೆ. ನೀವು ಹೌಸ್ ಸರ್ಜನ್ ಇರಬಹುದು, ಈಗಷ್ಟೇ ಎಂ.ಎಸ್. ಮುಗಿಸಿ ಊರಿಗೆ ಬಂದಿರಬಹುದು. "ನನಗ್ಯಾಕೆ ಇದೆಲ್ಲ" ಎಂಬ ಹಿಂಜರಿಕೆ ಬರೀ ಅಭ್ಯಾಸ. ಇವತ್ತೇ ಬಿಡಿ.

1. ಒಂದೇ ಕಾಯಿಲೆ ಹಿಡಿಯಿರಿ.
ಎಲ್ಲದರ ಬಗ್ಗೆ ಮಾತಾಡಿದರೆ ಯಾವುದೂ ನೆನಪಿರಲ್ಲ. ಹರ್ನಿಯಾದಿಂದ ಶುರು ಮಾಡಿ. ಒಂದು ನಿಮಿಷದ ವಿಡಿಯೋ ಸಾಕು: "ಕೆಮ್ಮಿದರೆ ತೊಡೆಸಂದಿಯಲ್ಲಿ ಗಂಟು ಬರುತ್ತೆ, ಮಲಗಿದರೆ ಒಳಗೆ ಹೋಗುತ್ತೆ. ಒಳಗೆ ಹೋಗದೆ ನೋವು, ವಾಂತಿ ಶುರುವಾದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಹೊರಡಿ." ಈ ಮೂರು ಮಾತು ಒಬ್ಬರ ಕರುಳು ಉಳಿಸಬಹುದು.

2. ಓಪಿಡಿಯಲ್ಲಿ ಆಡುವ ಕನ್ನಡವನ್ನೇ ಆಡಿ.
ಪೇಷಂಟ್ "ಕರುಳು ಇಳಿದಿದೆ" ಎನ್ನುತ್ತಾರೆ. ನೀವೂ ಹಾಗೇ ಹೇಳಿ, ಆಮೇಲೆ ಹರ್ನಿಯಾ ಅನ್ನಿ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಪೋಡುಗಳಲ್ಲಿ ನೆಟ್‌ವರ್ಕ್ ಬಂದು ಹೋಗುತ್ತೆ. ವಿಡಿಯೋ ತೆರೆಯದ ಕಡೆ ವಾಯ್ಸ್ ಮೆಸೇಜ್ ತೆರೆಯುತ್ತೆ. ಅದೇ ಮಾತನ್ನು ವಾಯ್ಸ್‌ನಲ್ಲೂ ಕಳಿಸಿ. ಆಶಾ ಕಾರ್ಯಕರ್ತೆಯರಿಗೆ ಮೊದಲು ಕಳಿಸಿ, ಮನೆಮನೆಗೆ ಹೋಗುವವರು ಅವರೇ.

3. ರೆಫರಲ್ ಗ್ರೂಪ್ ಕಟ್ಟಿ.
ನನ್ನ ಪ್ರಕಾರ ಎಂಟರಲ್ಲಿ ಇದೇ ದೊಡ್ಡದು. ಮಂಗಳೂರಿನ ಹೃದಯತಜ್ಞ ಡಾ. ಪದ್ಮನಾಭ ಕಾಮತ್ ವಾಟ್ಸ್‌ಆಪ್ ಗ್ರೂಪ್ ಕಟ್ಟಿ ಹಳ್ಳಿ ಡಾಕ್ಟರ್‌ಗಳನ್ನು ಸೇರಿಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನೂ ಕೊಡಿಸಿದರು. ಹಳ್ಳಿಯಿಂದ ಇಸಿಜಿ ಫೋಟೋ ಬರುತ್ತೆ, ತಜ್ಞರ ಸಲಹೆ ಫೋನಿನಲ್ಲೇ ವಾಪಸ್ ಹೋಗುತ್ತೆ. ಅವರು ಸರ್ಜನ್ ಅಲ್ಲ, ಆದರೆ ದಾರಿ ನಮಗೂ ಅದೇ. ಮಲೆ ಮಹದೇಶ್ವರ ಬೆಟ್ಟದಿಂದ ಕೊಳ್ಳೇಗಾಲಕ್ಕೆ ಸುಮಾರು 80 ಕಿ.ಮೀ. ಘಾಟಿ ರಸ್ತೆ ಬೇರೆ. ಸಕ್ಕರೆ ಕಾಯಿಲೆಯ ಕಾಲಿನ ಗಾಯಕ್ಕೆ ಅಲ್ಲೇ ಡ್ರೆಸ್ಸಿಂಗ್ ಸಾಕೋ, ಚಾಮರಾಜನಗರಕ್ಕೋ ಮೈಸೂರಿಗೋ ಕಳಿಸಬೇಕೋ ಎಂಬುದು ಫೋಟೋ ನೋಡಿ ಬೇಗ ತೀರ್ಮಾನವಾದರೆ ಕಾಲು ಉಳಿಯುವ ಅವಕಾಶ ಹೆಚ್ಚು. ಗ್ರೂಪಿಗೆ ಡಾಕ್ಟರ್‌ಗಳನ್ನಷ್ಟೇ ಸೇರಿಸಿ. ಗುಡ್ ಮಾರ್ನಿಂಗ್ ಮೆಸೇಜ್ ಬೇಡ. ತುರ್ತು ಇದ್ದರೆ ಟೈಪ್ ಮಾಡುತ್ತಾ ಕೂರಬೇಡಿ, ಕಾಲ್ ಮಾಡಿ.

4. ಫೋಟೋ ತೆಗೆಯುವುದನ್ನು ಕಲಿಯಿರಿ.
ಮೊದಲು ಒಪ್ಪಿಗೆ. ಆಮೇಲೆ ಕಿಟಕಿ ಬೆಳಕಿಗೆ ಕಾಲು ತಿರುಗಿಸಿ. ಗಾಯದ ಪಕ್ಕ ಸ್ಕೇಲ್ ಇಡಿ, ನಾಳೆ ಹೋಲಿಸಲು ಬೇಕು. ಎಕ್ಸ್‌ರೇ ಮೂಲೆಯಲ್ಲಿ ಅಚ್ಚಾದ ಹೆಸರು, ವಯಸ್ಸು, ನಂಬರ್ ಕ್ರಾಪ್ ಮಾಡಿ. ಮುಖ ಮುಚ್ಚಿದರೆ ಆಯಿತು ಅಂದುಕೊಳ್ಳಬೇಡಿ. ಇದು ಬೆಂಗಳೂರಲ್ಲ. ಮುಂಗೈ ಹಚ್ಚೆ, ಕಾಲಿನ ಕಡಗ, ಹಿಂದೆ ಕಾಣುವ ಸೀರೆಯ ಅಂಚು, ಇಷ್ಟು ನೋಡಿದರೆ ಯಾರ ಮನೆಯ ಅಜ್ಜಿ ಅಂತ ಇಡೀ ಊರೇ ಹೇಳುತ್ತೆ. ಪೇಷಂಟ್ ಗುರುತು ಸಿಗುವಂಥ ಫೋಟೋವನ್ನು ಅವರ ಅನುಮತಿ ಇಲ್ಲದೆ ಪ್ರಕಟಿಸಬಾರದು ಎಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯೇ ಹೇಳಿದೆ.

5. ಓಟಿಯಲ್ಲಿ ರೀಲ್ಸ್ ಬೇಡವೇ ಬೇಡ.
2024ರ ಫೆಬ್ರವರಿಯಲ್ಲಿ ಚಿತ್ರದುರ್ಗ ಜಿಲ್ಲೆ ಭರಮಸಾಗರದ ಸರ್ಕಾರಿ ಆಸ್ಪತ್ರೆಯ ಓಟಿಯಲ್ಲಿ ಗುತ್ತಿಗೆ ವೈದ್ಯರೊಬ್ಬರ ಪ್ರಿ-ವೆಡ್ಡಿಂಗ್ ಶೂಟ್ ನಡೆಯಿತು. ಸುಳ್ಳು ಆಪರೇಷನ್, ನಿಜವಾದ ಕ್ಯಾಮೆರಾ. ಕೆಲಸ ಹೋಯಿತು. ಅದೇ ತಿಂಗಳು ಗದಗ ವೈದ್ಯಕೀಯ ಕಾಲೇಜಿನ 38 ವಿದ್ಯಾರ್ಥಿಗಳು ಆಸ್ಪತ್ರೆಯಲ್ಲಿ ರೀಲ್ಸ್ ಮಾಡಿ ಶಿಸ್ತುಕ್ರಮಕ್ಕೆ ಒಳಗಾದರು. ವರ್ಷಗಟ್ಟಲೆ ಓದಿದ್ದನ್ನು ಮೂವತ್ತು ಸೆಕೆಂಡಿಗೆ ಒತ್ತೆ ಇಡಬೇಡಿ.

6. ನಡೆದದ್ದನ್ನೇ ತೋರಿಸಿ.
2022ರ ಆಗಸ್ಟ್ 30ರಂದು ಬೆಂಗಳೂರಿನ ಸರ್ಜನ್ ಡಾ. ಗೋವಿಂದ ನಂದಕುಮಾರ್ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದರು. ಪಿತ್ತಕೋಶದ ಆಪರೇಷನ್‌ಗೆ ತಡವಾಗುತ್ತೆ ಅಂತ ಕಾರು ಬಿಟ್ಟು ಸುಮಾರು 3 ಕಿ.ಮೀ. ಓಡಿಯೇ ಆಸ್ಪತ್ರೆ ಸೇರಿದರು. ಓಡುತ್ತಾ ಮಾಡಿಕೊಂಡ ವಿಡಿಯೋ ದೇಶವೆಲ್ಲ ಸುತ್ತಿತು. ಸ್ಕ್ರಿಪ್ಟ್ ಇರಲಿಲ್ಲ, ಅದಕ್ಕೇ ಜನ ನಂಬಿದರು. ಫಾಲೋವರ್ಸ್ ಕೊಳ್ಳಬೇಡಿ. "ನೂರಕ್ಕೆ ನೂರು ವಾಸಿ" ಎನ್ನಬೇಡಿ. ಯಾವ ಸರ್ಜರಿಗೂ ಆ ಗ್ಯಾರಂಟಿ ಇಲ್ಲ, ಅದು ನಿಮಗೇ ಗೊತ್ತು.

7. ವಿಡಿಯೋ ನೋಡಿ, ಆದರೆ ಸೀನಿಯರ್ ಜೊತೆ ಕೂತು ನೋಡಿ.
ಯೂಟ್ಯೂಬ್‌ನಲ್ಲಿ ಲ್ಯಾಪ್ರೋಸ್ಕೋಪಿ ಕಲಿಸುವ ಒಳ್ಳೆಯ ಚಾನೆಲ್‌ಗಳಿವೆ. ಆದರೆ ಎಡಿಟ್ ಮಾಡಿದ ವಿಡಿಯೋದಲ್ಲಿ ರಕ್ತ ಚಿಮ್ಮಿದ ಆ ಎರಡು ನಿಮಿಷ ಇರುವುದಿಲ್ಲ. ಆಗ ಏನು ಮಾಡಬೇಕು ಅಂತ ಪಕ್ಕದಲ್ಲಿರುವ ಸೀನಿಯರ್ ಹೇಳಬೇಕು. ಕೇಳಿ, ಕೇಳಲು ನಾಚಬೇಡಿ.

8. ಗೆರೆ ಎಳೆಯಿರಿ.
ಇನ್‌ಬಾಕ್ಸ್ ಓಪಿಡಿ ಅಲ್ಲ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ವಾಟ್ಸ್‌ಆಪ್‌ನಲ್ಲೂ ಸಲಹೆ ಕೊಡಲು ಅವಕಾಶ ಕೊಟ್ಟಿದೆ, ಆದರೆ ದಾಖಲೆ ಇಡಲೇಬೇಕು. ಹೊಟ್ಟೆ ಮುಟ್ಟಿ ನೋಡದೆ ಅಪೆಂಡಿಕ್ಸ್ ತೀರ್ಮಾನಿಸಬೇಡಿ. ಗೂಗಲ್‌ನಲ್ಲಿ ಯಾರೋ ಬೈದು ಬರೆದರೆ "ನಿಮಗೆ ಅವತ್ತೇ ಹೇಳಿದ್ದೆವಲ್ಲ" ಎಂದು ಉತ್ತರಿಸಬೇಡಿ. ಅವರು ನಿಮ್ಮ ಪೇಷಂಟ್ ಎಂದು ನೀವೇ ಊರಿಗೆ ಸಾರಿದಂತೆ. "ದಯವಿಟ್ಟು ಆಸ್ಪತ್ರೆಗೆ ಬಂದು ಮಾತಾಡಿ" ಅಂತಷ್ಟೇ ಬರೆಯಿರಿ.

ಈಗ ಫೋನ್ ಗ್ಯಾಲರಿ ತೆರೆಯಿರಿ. ಮಗನ ಹುಟ್ಟುಹಬ್ಬದ ಫೋಟೋ ಪಕ್ಕದಲ್ಲೇ ಯಾರದೋ ಗಾಯದ ಫೋಟೋ ಇರುತ್ತೆ. ಕೇಸ್ ಶೀಟಿಗೆ ಸೇರಬೇಕಾದ್ದನ್ನು ಸೇರಿಸಿ, ಉಳಿದದ್ದನ್ನು ಡಿಲೀಟ್ ಮಾಡಿ. ವಾಟ್ಸ್‌ಆಪ್ ಸೆಟ್ಟಿಂಗ್ಸ್‌ನಲ್ಲಿ ಫೋಟೋ ತಾನಾಗೇ ಗ್ಯಾಲರಿಗೆ ಸೇರುವುದನ್ನು ಆಫ್ ಮಾಡಿ. ನಾಳೆ ರೌಂಡ್ಸ್‌ಗೆ ಮೊದಲೇ ಮುಗಿಸಿ.